ಹಬ್ಬದ ಸಂಭ್ರಮವೂ ಮೂಕಜೀವಿಗಳೂ

ಭಾದ್ರಪದದ ದಶಲಕ್ಷಣ ಪರ್ವ ಮುಗಿದು ಕ್ಷಮಾವಣಿಯನ್ನು ಆಚರಿಸಿದ ಬೆನ್ನಿಗೇ ನವರಾತ್ರಿ ಬರುತ್ತದೆ. ಆ ನವರಾತ್ರಿಯ ಅಷ್ಟಮಿಯಂದು ನಮ್ಮ ನಾಡಿನ ಅನೇಕ ಬಸದಿಗಳಲ್ಲಿ ಜೀವದಯಾಷ್ಟಮಿಯ ನೋಂಪಿ ನಡೆಯುತ್ತದೆ. ಮತ್ತೆ ಮೂರು ವಾರ ಕಳೆಯುವಷ್ಟರಲ್ಲಿ ದೀಪಾವಳಿಯ ಅಮಾವಾಸ್ಯೆ. ಅಂದಿನ ಬೆಳಗಿನ ಜಾವದಲ್ಲಿ ಭಗವಾನ್ ಮಹಾವೀರಸ್ವಾಮಿಯ ನಿರ್ವಾಣಪೂಜೆ. ಶ್ರಾವಕರ ಮನೆಗಳಿಗೂ ಬಸದಿಗಳಿಗೂ ಇದು ವರ್ಷದ ಅತ್ಯಂತ ಸಂಭ್ರಮದ ಕಾಲ. ಮನೆಗೆ ಸುಣ್ಣಬಣ್ಣ, ಮಕ್ಕಳಿಗೆ ಹೊಸಬಟ್ಟೆ, ಬಂಧುಬಳಗಕ್ಕೆ ಸಿಹಿ, ದೇವರಿಗೆ ಉತ್ಸವ. ಈ ಸಂಭ್ರಮ ತಪ್ಪಲ್ಲ. ಆದರೆ ಮನುಷ್ಯನ ಸಂಭ್ರಮದ ಸುತ್ತ ಯಾವಾಗಲೂ ಒಂದಿಷ್ಟು ಮೂಕಜೀವಿಗಳು ಇರುತ್ತವೆ. ಅವುಗಳ ಪಾಲಿಗೆ ನಮ್ಮ ಹಬ್ಬವೆಂದರೆ ಏನು ಎಂಬ ಪ್ರಶ್ನೆಯನ್ನು ನಾವು ಕೇಳಿಕೊಳ್ಳುವುದು ಅಪರೂಪ.

ಆ ಪ್ರಶ್ನೆಯನ್ನು ಮೊಟ್ಟಮೊದಲು ಕೇಳಿದವರು ನಮ್ಮ ಪರಂಪರೆಯಲ್ಲಿಯೇ ಇದ್ದಾರೆ. ಇಪ್ಪತ್ತೆರಡನೆಯ ತೀರ್ಥಂಕರ ನೇಮಿನಾಥಸ್ವಾಮಿಯ ವಿವಾಹ ಪ್ರಸಂಗವನ್ನು ಅರಿಯದ ಜೈನ ಮನೆ ಇರಲಾರದು. 12ನೆಯ ಶತಮಾನದಲ್ಲಿ ಕರ್ಣಪಾರ್ಯನು ಕನ್ನಡದಲ್ಲಿ ನೇಮಿನಾಥಪುರಾಣವನ್ನು ರಚಿಸಿದ ಮೇಲೆ ಆ ಮಹಾಪುರುಷನ ಚರಿತೆ ನಮ್ಮ ನುಡಿಯದೇ ಸೊತ್ತಾಗಿದೆ. ರಾಜೀಮತಿಯ ಕೈಹಿಡಿಯಲು ದಿಬ್ಬಣ ಹೊರಟಿದೆ. ವಾದ್ಯಗಳು ಮೊಳಗುತ್ತಿವೆ. ದಾರಿಯ ಪಕ್ಕದಲ್ಲಿ ಬೇಲಿಯೊಳಗೆ ಕೂಡಿಹಾಕಿದ ಪ್ರಾಣಿಗಳ ಆರ್ತನಾದ ವರನ ಕಿವಿಗೆ ಬೀಳುತ್ತದೆ. ಇವೇಕೆ ಇಲ್ಲಿವೆ ಎಂದು ಕೇಳಿದರೆ, ಮದುವೆಯ ಔತಣಕ್ಕಾಗಿ ಎಂಬ ಉತ್ತರ ಬರುತ್ತದೆ. ಅಲ್ಲಿಂದ ರಥ ಮಂಟಪದ ಕಡೆಗೆ ಹೋಗುವುದಿಲ್ಲ, ಗಿರಿನಾರದ ಕಡೆಗೆ ತಿರುಗುತ್ತದೆ.

ಈ ಕಥೆಯನ್ನು ನಾವು ವೈರಾಗ್ಯದ ಕಥೆಯೆಂದು ಕೇಳುತ್ತ ಬಂದಿದ್ದೇವೆ. ಅದು ಸರಿಯೇ. ಆದರೆ ಇನ್ನೊಂದು ಅಂಶವೂ ಇದರಲ್ಲಿ ಅಡಗಿದೆ. ಆ ದಿಬ್ಬಣದಲ್ಲಿ ಸಾವಿರಾರು ಜನರಿದ್ದರು. ಆ ಕೂಗು ಎಲ್ಲರ ಕಿವಿಗೂ ಬಿದ್ದಿರಲೇಬೇಕು. ಕೇಳಿಸಿಕೊಂಡವನು ಒಬ್ಬನೇ. ಉಳಿದವರಿಗೆ ಅದು ಮದುವೆಯ ಸದ್ದುಗಳಲ್ಲಿ ಒಂದಾಗಿತ್ತು. ಅವರೆಲ್ಲ ಕ್ರೂರಿಗಳಾಗಿದ್ದರೆಂದು ಹೇಳಲಾಗದು, ಸಂಭ್ರಮದಲ್ಲಿದ್ದರು, ಅಷ್ಟೇ. ಸಂಭ್ರಮಕ್ಕೆ ಕಿವಿ ಮಂದವಾಗುತ್ತದೆ ಎಂಬುದನ್ನು ಈ ಕಥೆಯಿಂದ ಕಲಿಯಬೇಕಾಗಿದೆ.

ಕೊಲ್ಲದಿರುವುದಷ್ಟೇ ಅಹಿಂಸೆಯೆ?

"ನಮ್ಮ ಹಬ್ಬಗಳಲ್ಲಿ ಪ್ರಾಣಿವಧೆಯೇ ಇಲ್ಲವಲ್ಲ, ನಮಗೇಕೆ ಈ ಮಾತು?" ಎಂದು ಓದುಗರು ಕೇಳಬಹುದು. ನಿಜ, ನಮ್ಮ ಅಡಿಗೆಮನೆಗೆ ಮಾಂಸ ಬರುವುದಿಲ್ಲ, ನಮ್ಮ ಬಲಿಪೀಠದ ಮೇಲೆ ಹೂವು ಅಕ್ಷತೆಗಳಲ್ಲದೆ ಬೇರೊಂದು ಬೀಳುವುದಿಲ್ಲ. ಆದರೆ ಆಚಾರ್ಯರು ಅಹಿಂಸಾಣುವ್ರತವನ್ನು ವಿವರಿಸುವಾಗ ಕೊಲ್ಲದಿರುವಲ್ಲಿಗೆ ಮಾತನ್ನು ನಿಲ್ಲಿಸಲಿಲ್ಲ. ಉಮಾಸ್ವಾಮಿಯವರ ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಈ ವ್ರತಕ್ಕೆ ಐದು ಅತಿಚಾರಗಳನ್ನು ಹೇಳಿದೆ: ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ. ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರದಲ್ಲಿಯೂ ಇವೇ ಐದು ಸ್ವಲ್ಪ ಬೇರೆ ಹೆಸರುಗಳಿಂದ ಬರುತ್ತವೆ.

ಈ ಐದರ ಅರ್ಥವನ್ನು ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ಬಿಡಿಸಿ ತೋರಿಸಿದ್ದಾರೆ. ಬಂಧವೆಂದರೆ ಜೀವಿಯು ತಾನು ಬಯಸಿದೆಡೆಗೆ ಹೋಗದಂತೆ ತಡೆಯುವುದು. ವಧವೆಂದರೆ ಇಲ್ಲಿ ಕೊಲೆಯಲ್ಲ. ಕೊಂದರೆ ವ್ರತವೇ ಮುರಿದುಹೋಯಿತು, ಅದನ್ನು ಅತಿಚಾರವೆನ್ನುವ ಪ್ರಶ್ನೆಯೇ ಇಲ್ಲ. ಕೋಲು, ಬಾರುಕೋಲುಗಳಿಂದ ಹೊಡೆಯುವುದೇ ಈ ವಧ. ಛೇದವೆಂದರೆ ಕಿವಿ, ಮೂಗು ಮೊದಲಾದ ಅಂಗಗಳನ್ನು ಕೊಯ್ಯುವುದು. ನ್ಯಾಯವಾಗಿ ಹೊರಬಲ್ಲುದಕ್ಕಿಂತ ಹೆಚ್ಚು ಭಾರ ಹೇರುವುದು ಅತಿಭಾರಾರೋಪಣ. ಹಸಿವು ನೀರಡಿಕೆಗಳಿಗೆ ಗುರಿಮಾಡುವುದು ಅನ್ನಪಾನನಿರೋಧ.

ಇವುಗಳನ್ನು ಒಮ್ಮೆ ಸಮಾಧಾನವಾಗಿ ಓದಿ ನೋಡಬೇಕು. ಇವು ಐದೂ ಕಟುಕನ ಮನೆಯ ಪಾಪಗಳಲ್ಲ. ಪ್ರಾಣಿಯನ್ನು ಸಾಕುವವನ, ದುಡಿಸುವವನ, ಅದನ್ನು ತನ್ನದೆಂದು ಹೇಳುವವನ ಪಾಪಗಳು. ಕೊಲ್ಲುವುದಿಲ್ಲವೆಂದು ಶಪಥ ಮಾಡಿದ ಶ್ರಾವಕನ ಹಟ್ಟಿಯಲ್ಲಿ, ಅಂಗಳದಲ್ಲಿ, ಉತ್ಸವದಲ್ಲಿ ನಡೆಯಬಹುದಾದವು. ನಮ್ಮ ಆಚಾರ್ಯರು ಬಲ್ಲರು: ಕೊಲ್ಲದವನೂ ಹಿಂಸಿಸಬಲ್ಲನು.

1960ರಲ್ಲಿ ಭಾರತದ ಸಂಸತ್ತು ಪ್ರಾಣಿಗಳ ಮೇಲಿನ ಕ್ರೌರ್ಯವನ್ನು ತಡೆಗಟ್ಟುವ ಅಧಿನಿಯಮವನ್ನು ಮಾಡಿತು. ಅದರ 11ನೆಯ ಪ್ರಕರಣದಲ್ಲಿ ಅಪರಾಧಗಳ ಪಟ್ಟಿಯಿದೆ. ಹೊಡೆಯುವುದು, ಶಕ್ತಿಮೀರಿ ಭಾರ ಹೇರುವುದು, ಮೈಯಾಡಿಸಲಾಗದಷ್ಟು ಇಕ್ಕಟ್ಟಿನ ಪಂಜರದಲ್ಲಿಡುವುದು, ಮಿತಿಮೀರಿ ಸರಪಳಿಯಲ್ಲಿ ಬಿಗಿಯುವುದು, ಅಂಗಚ್ಛೇದನ, ಮೇವು ನೀರು ಕೊಡದಿರುವುದು ಎಲ್ಲವೂ ಅಲ್ಲಿವೆ. ಆಧುನಿಕ ಕಾನೂನಿನ ಪಟ್ಟಿಯೂ ನಮ್ಮ ಐದು ಅತಿಚಾರಗಳೂ ಇಷ್ಟು ಹತ್ತಿರ ಬರುತ್ತವೆಂಬುದು ಹೆಮ್ಮೆಯ ಸಂಗತಿ. ಆದರೆ ಆ ಹೆಮ್ಮೆಗೆ ನಾವು ಅರ್ಹರೆ ಎಂಬುದನ್ನು ನಮ್ಮ ಹಬ್ಬಗಳು ಹೇಳಬೇಕು.

ಹಬ್ಬಕ್ಕೆ ವಿನಾಯಿತಿ ಇಲ್ಲ

ಗೃಹಸ್ಥನಿಗೆ ಸಂಪೂರ್ಣ ಅಹಿಂಸೆ ಸಾಧ್ಯವಿಲ್ಲವೆಂಬುದನ್ನು ನಮ್ಮ ಶಾಸ್ತ್ರವೇ ಒಪ್ಪಿದೆ. ಹಿಂಸೆಯನ್ನು ಸಂಕಲ್ಪೀ, ಆರಂಭೀ, ಉದ್ಯೋಗೀ, ವಿರೋಧೀ ಎಂದು ನಾಲ್ಕಾಗಿ ವಿಂಗಡಿಸುತ್ತಾರೆ. ಅಡಿಗೆ, ಕಸಗುಡಿಸುವಿಕೆ ಮೊದಲಾದ ಮನೆಗೆಲಸಗಳಲ್ಲಿ ಆಗುವುದು ಆರಂಭೀ ಹಿಂಸೆ. ಬೇಸಾಯ, ವ್ಯಾಪಾರಗಳಲ್ಲಿ ಆಗುವುದು ಉದ್ಯೋಗೀ ಹಿಂಸೆ. ಆತ್ಮರಕ್ಷಣೆಯಲ್ಲಿ ಆಗುವುದು ವಿರೋಧೀ ಹಿಂಸೆ. ಬೇಕೆಂದೇ ಮಾಡುವ ಸಂಕಲ್ಪೀ ಹಿಂಸೆಯನ್ನು ಗೃಹಸ್ಥನು ಪೂರ್ಣವಾಗಿ ಬಿಡಬೇಕು. ಉಳಿದ ಮೂರನ್ನು ಎಚ್ಚರದಿಂದ ಕಡಿಮೆ ಮಾಡುತ್ತ ಹೋಗಬೇಕು. ನೇಗಿಲು ಹೂಡುವ ರೈತನಿಗೆ ಮಣ್ಣಿನ ಜೀವಿಗಳು ಸಾಯುವುದನ್ನು ತಪ್ಪಿಸಲು ಬಾರದು. ಅವನ ಬದುಕಿಗೆ ಅದು ಅನಿವಾರ್ಯ.

ಆದರೆ ಉತ್ಸವ ಅನಿವಾರ್ಯವೆ? ಆನೆಯ ಮೇಲೆ ಅಂಬಾರಿ ಕಟ್ಟದಿದ್ದರೆ ಯಾರ ಮನೆಯ ಒಲೆಯೂ ಆರುವುದಿಲ್ಲ. ಪಟಾಕಿ ಸುಡದಿದ್ದರೆ ಯಾರ ಹೊಲವೂ ಬೀಳು ಬೀಳುವುದಿಲ್ಲ. ಹಬ್ಬದಲ್ಲಿ ನಾವು ಮಾಡುವುದನ್ನೆಲ್ಲ ನಾವೇ ಆಯ್ದುಕೊಂಡು ಮಾಡುತ್ತೇವೆ. ಹೊಟ್ಟೆಪಾಡು ಎಂಬ ಸಮಾಧಾನ ಅಲ್ಲಿ ಸಲ್ಲದು. ಆದ್ದರಿಂದ ದುಡಿಮೆಯ ದಿನಕ್ಕಿಂತ ಹಬ್ಬದ ದಿನವೇ ಅಹಿಂಸಾವ್ರತಕ್ಕೆ ಹೆಚ್ಚು ಕಠಿಣವಾದ ಪರೀಕ್ಷೆ. ನಾವು ಸಾಮಾನ್ಯವಾಗಿ ಇದಕ್ಕೆ ವಿರುದ್ಧವಾಗಿ ಯೋಚಿಸುತ್ತೇವೆ. "ವರ್ಷಕ್ಕೊಂದು ದಿನ ತಾನೇ" ಎನ್ನುತ್ತೇವೆ. ವರ್ಷಕ್ಕೊಂದೇ ದಿನವಾದರೆ ಅದನ್ನು ನಿಷ್ಕಳಂಕವಾಗಿ ನಡೆಸುವುದು ಇನ್ನೂ ಸುಲಭವಾಗಬೇಕಲ್ಲವೆ?

ಮೂರು ಗುಣವ್ರತಗಳಲ್ಲಿ ಒಂದಾದ ಅನರ್ಥದಂಡವಿರತಿಯೂ ಇದನ್ನೇ ಹೇಳುತ್ತದೆ. ಪ್ರಯೋಜನವಿಲ್ಲದೆ ಜೀವಿಗಳಿಗೆ ನೋವಾಗುವ ಕೆಲಸ ಅನರ್ಥದಂಡ. ಪ್ರಯೋಜನವಿದ್ದು ಆಗುವ ಹಿಂಸೆಗಿಂತ ಪ್ರಯೋಜನವಿಲ್ಲದೆ ಆಗುವ ಹಿಂಸೆಗೆ ಆಚಾರ್ಯರು ಬೇರೆಯೇ ಒಂದು ವ್ರತವನ್ನು ವಿಧಿಸಿದರು. ಅವರ ಕಣ್ಣ ಮುಂದೆ ನಮ್ಮ ಬೀದಿಯ ದೀಪಾವಳಿ ಇರಲಿಲ್ಲ. ಆದರೆ ಅದಕ್ಕೆ ಬೇಕಾದ ಅಳತೆಗೋಲು ಇತ್ತು.

ಮೆರವಣಿಗೆಯ ಆನೆ

ದಕ್ಷಿಣ ಭಾರತದ ದೇವಾಲಯ ಮಠಗಳಲ್ಲಿ ಆನೆ ವೈಭವದ ಗುರುತು. ನಮ್ಮ ಸಮಾಜಕ್ಕೂ ಆನೆಯೆಂದರೆ ಭಕ್ತಿ. ತೀರ್ಥಂಕರರ ಮಾತೆಯರು ಕಂಡ ಶುಭಸ್ವಪ್ನಗಳಲ್ಲಿ ಆನೆಯಿದೆ, ಅಜಿತನಾಥಸ್ವಾಮಿಯ ಲಾಂಛನ ಆನೆ. ಹೀಗಿರುವಾಗ ಉತ್ಸವದಲ್ಲಿ ಆನೆ ನಡೆದುಬಂದರೆ ಕೈಮುಗಿಯುವ ಮನಸ್ಸಾಗುವುದು ಸಹಜ.

ಆದರೆ ಐದು ಅತಿಚಾರಗಳನ್ನು ಕೈಯಲ್ಲಿ ಹಿಡಿದು ಆ ಆನೆಯನ್ನೊಮ್ಮೆ ನೋಡೋಣ. ಕಾಡಿನಲ್ಲಿ ಹಿಂಡಿನೊಂದಿಗೆ ದಿನವೂ ಹಲವು ಮೈಲಿ ನಡೆಯುವ ಪ್ರಾಣಿ ಸಿಮೆಂಟಿನ ನೆಲದ ಮೇಲೆ ಕಾಲಿಗೆ ಸರಪಳಿ ತೊಟ್ಟು ನಿಂತಿರುತ್ತದೆ. ಇದು ಬಂಧ. ಅಂಕುಶದ ಭಯವಿಲ್ಲದೆ ಅದು ಜನಜಂಗುಳಿಯ ನಡುವೆ ನಡೆಯಲಾರದು. ಇದು ವಧ. ಗಟ್ಟಿನೆಲದ ಮೇಲೆ ವರ್ಷಗಟ್ಟಲೆ ನಿಂತ ಆನೆಗೆ ಅಂಗಾಲು ಕೊಳೆಯುವುದು, ಉಗುರು ಬಿರಿಯುವುದು, ಕೀಲುನೋವು ಬರುವುದು ಪಶುವೈದ್ಯರಿಗೆ ಚಿರಪರಿಚಿತ. ಅಂತಹ ಕಾಲಿನ ಮೇಲೆ ಹೊರಿಸುವ ಭಾರ ಎಷ್ಟೇ ಆದರೂ ಅತಿಭಾರವೇ.

2025ರ ಜುಲೈ ತಿಂಗಳಲ್ಲಿ ಈ ಪ್ರಶ್ನೆ ನಮ್ಮ ಸಮಾಜದ ಬಾಗಿಲಿಗೇ ಬಂದಿತು. ಕೊಲ್ಹಾಪುರ ಜಿಲ್ಲೆಯ ನಾಂದಣಿಯ ಜೈನ ಮಠದಲ್ಲಿ ಮೂರು ದಶಕಗಳಿಗೂ ಹೆಚ್ಚು ಕಾಲ ಇದ್ದ ಆನೆಯನ್ನು ಪುನರ್ವಸತಿ ಕೇಂದ್ರಕ್ಕೆ ಕಳುಹಿಸಬೇಕೆಂದು ಮುಂಬಯಿ ಉಚ್ಚ ನ್ಯಾಯಾಲಯ ಆದೇಶಿಸಿತು. ಸರ್ವೋಚ್ಚ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. ಧಾರ್ಮಿಕ ಬಳಕೆಯ ಹಕ್ಕಿಗೂ ಆನೆಯ ಕ್ಷೇಮಕ್ಕೂ ಘರ್ಷಣೆ ಬಂದಾಗ ಆನೆಯ ಕ್ಷೇಮವೇ ಮೊದಲೆಂಬುದು ನ್ಯಾಯಾಲಯದ ನಿಲುವಾಗಿತ್ತು. ಆನೆಯನ್ನು ಬೀಳ್ಕೊಟ್ಟ ದಿನ ಊರಿಗೆ ಊರೇ ಕಣ್ಣೀರಿಟ್ಟಿತು. ಜಾತಿಮತಗಳ ಭೇದವಿಲ್ಲದೆ ಜನ ಬೀದಿಗಿಳಿದು, ನಮ್ಮ ಆನೆಯನ್ನು ನಮಗೆ ಕೊಡಿ ಎಂದು ಕೇಳಿದರು. ಬಳಿಕ ನಾಂದಣಿಯ ಸಮೀಪದಲ್ಲಿಯೇ ಆನೆಗೆ ಆರೈಕೆಯ ಕೇಂದ್ರವನ್ನು ನಿರ್ಮಿಸುವ ಪ್ರಸ್ತಾಪವೂ ಬಂದಿತು.

ಆ ಕಣ್ಣೀರು ಸುಳ್ಳೆಂದು ನಾನು ಎಂದಿಗೂ ಹೇಳಲಾರೆ. ಮೂರು ತಲೆಮಾರುಗಳ ಮಕ್ಕಳು ಬಾಳೆಹಣ್ಣು ಕೊಟ್ಟು ಬೆಳೆದ ಆನೆಯದು. ಆದರೆ ಪ್ರೀತಿಯು ಸತ್ಯವಾಗಿದ್ದ ಮಾತ್ರಕ್ಕೆ ಬಂಧನವು ಬಂಧನವಲ್ಲದೆ ಹೋಗುವುದಿಲ್ಲ. "ನಮ್ಮದು" ಎಂಬ ಮಾತಿನಲ್ಲಿ ಪ್ರೀತಿಯೂ ಇದೆ, ಪರಿಗ್ರಹವೂ ಇದೆ. ಎರಡನ್ನೂ ಬೇರ್ಪಡಿಸಿ ನೋಡುವ ವಿವೇಕವನ್ನು ಕಲಿಸುವ ಧರ್ಮ ನಮ್ಮದು. ಆನೆಯ ಕಾಲಿನ ನೋವು ಎಷ್ಟೆಂಬುದನ್ನು ಭಕ್ತರ ಪ್ರೀತಿಯಿಂದ ಅಳೆಯಲಾಗದು, ಅದರ ಕಾಲನ್ನೇ ನೋಡಬೇಕು.

ಹಾಗಾದರೆ ಉತ್ಸವದ ವೈಭವವನ್ನು ಬಿಡಬೇಕೆ? ಕೆಲವು ದೇವಾಲಯಗಳು ಬೇರೊಂದು ದಾರಿ ಹಿಡಿದಿವೆ. ಕೇರಳದ ಇರಿಂಜಾಡಪ್ಪಿಳ್ಳಿಯ ದೇವಾಲಯದಲ್ಲಿ 2023ರಲ್ಲಿ ಯಂತ್ರದ ಆನೆಯೊಂದನ್ನು ಉತ್ಸವಕ್ಕೆ ಅಳವಡಿಸಿಕೊಂಡರು. ಕಿವಿ ಬೀಸುವ, ಸೊಂಡಿಲಾಡಿಸುವ ಆ ಆನೆಗೆ ಹಸಿವಿಲ್ಲ, ಸರಪಳಿ ಬೇಕಿಲ್ಲ.

ಇಲ್ಲಿ ನಮ್ಮವರೇ ಒಂದು ಆಕ್ಷೇಪ ಎತ್ತಬಹುದು. ಜನ್ನನ ಯಶೋಧರಚರಿತೆ ಏನು ಹೇಳುತ್ತದೆ? ಯಶೋಧರ ಮಹಾರಾಜನು ತಾಯಿ ಚಂದ್ರಮತಿಯ ಒತ್ತಾಯಕ್ಕೆ ಮಣಿದು ಜೀವಂತ ಕೋಳಿಯ ಬದಲು ಹಿಟ್ಟಿನ ಕೋಳಿಯನ್ನು ಚಂಡಮಾರಿಗೆ ಬಲಿಕೊಟ್ಟನು. ಅಷ್ಟಕ್ಕೇ ತಾಯಿಯೂ ಮಗನೂ ನವಿಲಾಗಿ, ನಾಯಿಯಾಗಿ, ಜನ್ಮಜನ್ಮಾಂತರಗಳಲ್ಲಿ ಪ್ರಾಣಿಗಳಾಗಿ ಹುಟ್ಟಿ ಹತರಾದರು. ಹಿಟ್ಟಿನ ಕೋಳಿಗೇ ಅಷ್ಟು ಫಲವಾದರೆ ಹುಸಿ ಆನೆ ನಿರ್ದೋಷವಾದೀತೆ?

1209ರಲ್ಲಿ ರಚಿತವಾದ ಆ ಕಾವ್ಯದ ತಿರುಳು ಇರುವುದು ವಸ್ತುವಿನಲ್ಲಲ್ಲ, ಸಂಕಲ್ಪದಲ್ಲಿ. ಹಿಟ್ಟಿನ ಕೋಳಿಯನ್ನು ಕಡಿದ ಕೈ ಕೋಳಿಯನ್ನು ಕಡಿಯುತ್ತೇನೆಂದೇ ಕತ್ತಿ ಎತ್ತಿತ್ತು. ರೂಪ ಬದಲಾಗಿತ್ತು, ಭಾವ ಬದಲಾಗಿರಲಿಲ್ಲ. ಯಂತ್ರದ ಆನೆಯಲ್ಲಿ ಸಂಕಲ್ಪವೇ ಬೇರೆ: ಒಂದು ಜೀವಿಯನ್ನು ಬಿಡುಗಡೆಗೊಳಿಸಬೇಕೆಂಬ ಭಾವದಿಂದ ಅದನ್ನು ನಿಲ್ಲಿಸುತ್ತೇವೆ. ಅಲ್ಲಿ ಹಿಂಸೆಯ ಅನುಕರಣೆಯಿತ್ತು, ಇಲ್ಲಿ ಹಿಂಸೆಯ ತ್ಯಾಗವಿದೆ. ಅದೂ ಬೇಡವೆನ್ನುವವರಿಗೆ ಪಲ್ಲಕ್ಕಿಯಿದೆ, ಭಕ್ತರ ಹೆಗಲಿದೆ. ಹೊರುವವನು ತಾನಾಗಿ ಒಪ್ಪಿ ಹೊತ್ತ ಭಾರ ಸೇವೆ. ಒಪ್ಪಿಗೆ ಹೇಳಲು ಬಾಯಿಲ್ಲದವನ ಮೇಲೆ ಹೊರಿಸಿದ್ದು ಹೇರಿಕೆ.

ನಿರ್ವಾಣದ ಬೆಳಗು, ಪಟಾಕಿಯ ರಾತ್ರಿ

ಪಾವಾಪುರಿಯಲ್ಲಿ ಭಗವಾನ್ ಮಹಾವೀರರು ಮುಕ್ತರಾದ ಅಮಾವಾಸ್ಯೆಯನ್ನು ಉತ್ತರದವರು ಕಾರ್ತಿಕದಲ್ಲಿ ಎಣಿಸುತ್ತಾರೆ, ನಾವು ಆಶ್ವಯುಜದಲ್ಲಿ; ದಿನ ಒಂದೇ. ಅಂದು ದೀಪ ಹಚ್ಚುವ ಸಂಪ್ರದಾಯವನ್ನು 783ರ ಜಿನಸೇನರ ಹರಿವಂಶಪುರಾಣವೇ ಹೇಳುತ್ತದೆ. ಜ್ಞಾನದ ಬೆಳಕು ಕಣ್ಮರೆಯಾದ ರಾತ್ರಿ ಅದರ ನೆನಪಿಗೆ ಹಣತೆ ಹಚ್ಚುವುದು ದೀಪಾವಳಿಗೆ ನಾವು ಕೊಡುವ ಅರ್ಥ. ಆ ಅರ್ಥದಲ್ಲಿ ಸದ್ದಿಗೆ ಸ್ಥಳವೇ ಇಲ್ಲ.

ಆದರೂ ನಮ್ಮ ಮನೆಗಳ ಮುಂದೆ ಏನಾಗುತ್ತದೆ? ಮನುಷ್ಯನ ಕಿವಿ ಸುಮಾರು 20,000 ಹರ್ಟ್ಸ್ ವರೆಗಿನ ಕಂಪನಗಳನ್ನು ಕೇಳುತ್ತದೆ. ನಾಯಿಯ ಕಿವಿ ಅದರ ಎರಡರಷ್ಟಕ್ಕೂ ಮೇಲ್ಪಟ್ಟು ಕೇಳುತ್ತದೆ. ಮುಂದೆ ಸಿಡಿಯಲಿರುವುದನ್ನು ಕಂಡು ನಾವು ಕಿವಿ ಮುಚ್ಚಿಕೊಳ್ಳುತ್ತೇವೆ. ಅದಕ್ಕೆ ಮುನ್ಸೂಚನೆಯೂ ಇಲ್ಲ, ಕಾರಣವೂ ತಿಳಿಯದು. ಬೀದಿನಾಯಿ ಚರಂಡಿಯ ಕಲ್ಲಿನಡಿ ನಡುಗುತ್ತ ಕೂಡುತ್ತದೆ. ಕೊಟ್ಟಿಗೆಯ ಹಸು ಹಗ್ಗ ಜಗ್ಗಿ ಕೊರಳು ಗಾಯ ಮಾಡಿಕೊಳ್ಳುತ್ತದೆ. ಮರದಲ್ಲಿ ಗೂಡು ಸೇರಿದ ಹಕ್ಕಿಗಳು ಬೆದರಿ ಹಾರುತ್ತವೆ. ಅಮಾವಾಸ್ಯೆಯ ಕತ್ತಲೆಯ ರಾತ್ರಿಯಲ್ಲಿ ಮತ್ತೆ ಗೂಡನ್ನು ಹುಡುಕಲಾರದೆ ಗೋಡೆಗೂ ತಂತಿಗೂ ಬಡಿಯುತ್ತವೆ.

2018ರಲ್ಲಿ ಸರ್ವೋಚ್ಚ ನ್ಯಾಯಾಲಯವು ದೀಪಾವಳಿಯ ಪಟಾಕಿಗೆ ರಾತ್ರಿ 8ರಿಂದ 10 ಗಂಟೆಯ ಮಿತಿ ಹಾಕಿತು. ಕಾನೂನು ಎರಡು ಗಂಟೆಗಳ ಅವಕಾಶ ಕೊಟ್ಟಿತೆಂದು ವ್ರತವೂ ಕೊಟ್ಟಂತಾಗಲಿಲ್ಲ. ಮಹಾವೀರರ ನಿರ್ವಾಣದ ಹೆಸರಿನಲ್ಲಿ ಜೀವಿಗಳನ್ನು ಬೆದರಿಸುವುದಕ್ಕಿಂತ ಸ್ಪಷ್ಟವಾದ ಅನರ್ಥದಂಡವನ್ನು ಕಲ್ಪಿಸಿಕೊಳ್ಳುವುದು ಕಷ್ಟ. ಹಣತೆಯ ವಿಷಯದಲ್ಲಿಯೂ ಒಂದು ಮಾತು: ಮಳೆಗಾಲದ ಕೊನೆಯಲ್ಲಿ ಹುಳುಹುಪ್ಪಟೆಗಳು ಹೆಚ್ಚು. ದೀಪಕ್ಕೆ ಗಾಜಿನ ಮರೆ ಇಡುತ್ತಿದ್ದ ನಮ್ಮ ಅಜ್ಜಿಯಂದಿರ ಎಚ್ಚರ ಮೂಢನಂಬಿಕೆಯಾಗಿರಲಿಲ್ಲ.

ಬಿಡುಗಡೆಯ ಪುಣ್ಯ

ಇನ್ನು ನಮ್ಮ ಅತ್ಯಂತ ಪ್ರಿಯವಾದ ಸತ್ಕಾರ್ಯದ ವಿಷಯ. ಪರ್ವದ ದಿನಗಳಲ್ಲಿ ಪಂಜರದ ಹಕ್ಕಿಗಳನ್ನು ಕೊಂಡು ಹಾರಿಬಿಡುವುದು, ಸಂತೆಯಲ್ಲಿ ದನಕರುಗಳನ್ನು ಬಿಡಿಸಿ ಗೋಶಾಲೆಗೆ ಒಪ್ಪಿಸುವುದು ಬಹುಕಾಲದಿಂದ ನಡೆದುಬಂದ ಜೀವದಯೆಯ ಕಾರ್ಯ. ಇದನ್ನು ಟೀಕಿಸಲು ನಾಲಗೆ ಹಿಂಜರಿಯುತ್ತದೆ. ಆದರೂ ಹೇಳಬೇಕಾಗಿದೆ.

ದೇಶೀಯ ಹಕ್ಕಿಗಳ ವ್ಯಾಪಾರಕ್ಕೆ 1990ರ ದಶಕದ ಆರಂಭದಲ್ಲಿಯೇ ನಿಷೇಧ ಬಂದಿದೆ. ಆದರೂ ಹಬ್ಬ ಹತ್ತಿರವಾದಂತೆ ಪಂಜರಗಳಲ್ಲಿ ಗಿಳಿ, ರಾಟವಾಳಗಳು ಕಾಣಿಸಿಕೊಳ್ಳುತ್ತವೆ. ಅವನ್ನು ಹಿಡಿದವನು ಯಾರಿಗಾಗಿ ಹಿಡಿದನು? ಬಿಡಿಸುವವರು ಬರುತ್ತಾರೆಂಬ ಭರವಸೆಯಿಂದಲೇ ಹಿಡಿದನು. ಬಲೆಯಲ್ಲಿ ಸಿಕ್ಕು ಸತ್ತವು ಸತ್ತವು. ಉಳಿದವು ರೆಕ್ಕೆ ಮುರಿದೋ ಬಳಲಿಯೋ ನಮ್ಮ ಕೈಸೇರುತ್ತವೆ. ಹಾರಿಬಿಟ್ಟವುಗಳಲ್ಲಿ ಕೆಲವನ್ನು ಅವನೇ ಮತ್ತೆ ಹಿಡಿಯುತ್ತಾನೆ. ನಮ್ಮ ದಾನದ ಹಣದಿಂದ ಮುಂದಿನ ವರ್ಷದ ಬಲೆ ಸಿದ್ಧವಾಗುತ್ತದೆ. ಹಕ್ಕಿಯನ್ನು ಬಿಡಿಸುವ ಪುಣ್ಯ ಬೇಕಾದವನು ಇರುವವರೆಗೆ ಹಕ್ಕಿಯನ್ನು ಹಿಡಿಯುವವನೂ ಇರುತ್ತಾನೆ.

ಗಾಯಗೊಂಡ ಹಕ್ಕಿಗೆ ಮಾಡುವ ಉಪಚಾರ ಇದಕ್ಕಿಂತ ಎಷ್ಟೋ ಮೇಲು. ದೆಹಲಿಯ ಚಾಂದನಿ ಚೌಕದ ದಿಗಂಬರ ಜೈನ ಲಾಲ್ ಮಂದಿರದ ಪಕ್ಷಿ ಆಸ್ಪತ್ರೆಯನ್ನು ನೋಡಿದವರಿಗೆ ಇದು ಗೊತ್ತು. ಅಲ್ಲಿ ಆಗಸ್ಟ್ ತಿಂಗಳ ಗಾಳಿಪಟದ ದಿನಗಳಲ್ಲಿ ಗಾಜುಪುಡಿ ಸವರಿದ ಮಾಂಜಾ ದಾರಕ್ಕೆ ಸಿಕ್ಕಿ ರೆಕ್ಕೆ ಕುಯ್ದುಕೊಂಡ ಪಾರಿವಾಳಗಳು ಬರುತ್ತವೆ. ಅವೂ ಒಂದು ಹಬ್ಬದ ಗಾಯಾಳುಗಳೇ. ಹಸಿರು ನ್ಯಾಯಪೀಠವು 2017ರಲ್ಲಿ ನೈಲಾನ್ ಮಾಂಜಾವನ್ನು ನಿಷೇಧಿಸಿದ್ದರೂ ದಾರ ಇನ್ನೂ ಆಕಾಶದಿಂದ ಪೂರ್ತಿ ಇಳಿದಿಲ್ಲ. ಆ ಆಸ್ಪತ್ರೆ ಹಕ್ಕಿಯನ್ನು ಕೊಳ್ಳುವುದಿಲ್ಲ. ಬಂದ ಹಕ್ಕಿಯನ್ನು ಗುಣಪಡಿಸಿ ಬಿಡುತ್ತದೆ.

ದನಕರುಗಳ ವಿಷಯದಲ್ಲಿ ನನ್ನದೇ ಒಂದು ತಪ್ಪನ್ನು ಸಂಕೋಚದಿಂದ ಒಪ್ಪಿಕೊಳ್ಳುತ್ತೇನೆ. ಕೆಲವು ವರ್ಷಗಳ ಹಿಂದೆ ತೀರ್ಥರೂಪರ ಸ್ಮರಣಾರ್ಥ ದೀಪಾವಳಿಯಂದು ಸಂತೆಯಲ್ಲಿ ದಲ್ಲಾಳಿಯ ಕೈಯಿಂದ ಎರಡು ಗಂಡುಕರುಗಳನ್ನು ಬಿಡಿಸಿ, ಪಕ್ಕದ ತಾಲೂಕಿನ ಒಂದು ಗೋಶಾಲೆಗೆ ಒಪ್ಪಿಸಿದೆವು. ಹಾರ ಹಾಕಿ, ಆರತಿ ಎತ್ತಿ, ಛಾಯಾಚಿತ್ರ ತೆಗೆಸಿ, ರಸೀದಿ ಪಡೆದು ತೃಪ್ತಿಯಿಂದ ಮನೆಗೆ ಬಂದೆವು. ಚೈತ್ರದಲ್ಲಿ ಅದೇ ದಾರಿಯಲ್ಲಿ ಹೋಗುವಾಗ ನೋಡಿಬರೋಣವೆಂದು ಇಳಿದೆ. ಗೋದಲಿಯಲ್ಲಿ ಒಂದಿಷ್ಟು ಹುಲ್ಲಿನ ಕಡ್ಡಿ, ತೊಟ್ಟಿಯ ತಳದಲ್ಲಿ ಪಾಚಿ. ಹಣೆಯ ಬಿಳಿ ಚುಕ್ಕೆಯಿಂದ ಒಂದು ಕರುವನ್ನು ಗುರುತಿಸಿದೆ. ಅದರ ಪಕ್ಕೆಲುಬುಗಳನ್ನು ಎಣಿಸಬಹುದಾಗಿತ್ತು. ಇನ್ನೊಂದು ಇರಲಿಲ್ಲ. ನೋಡಿಕೊಳ್ಳುವ ಮುದುಕ ತಲೆಯ ವಸ್ತ್ರ ಬಿಚ್ಚಿ ಮುಖ ಒರೆಸಿಕೊಂಡು ಹೇಳಿದ: "ಹಬ್ಬದ ದಿವಸ ದನ ಬರ್ತವೆ ಸ್ವಾಮಿ, ಹುಲ್ಲು ಬರಲ್ಲ."

ಆ ಸಂಸ್ಥೆಯವರ ಮೇಲೆ ತಪ್ಪು ಹೊರಿಸಲು ನನಗೆ ಬಾಯಿ ಬರಲಿಲ್ಲ. ಬೆಳೆದ ಒಂದು ರಾಸಿಗೆ ದಿನಕ್ಕೆ ಏಳೆಂಟು ಕಿಲೋ ಒಣಮೇವು ಬೇಕು. ವರ್ಷಕ್ಕೆ ಅದು ಎರಡೂವರೆ ಟನ್ನಿಗೂ ಮೇಲೆ. ಬೇಸಿಗೆಯಲ್ಲಿ ದಿನಕ್ಕೆ 40 ಲೀಟರಿನಷ್ಟು ನೀರು ಬೇಕು. ಅದು ಬದುಕುವುದು 15, 20 ವರ್ಷ. ನಾನು ಕೊಟ್ಟಿದ್ದು ಒಂದು ದಿನದ ಬೆಲೆ. ಉಳಿದ ಅಷ್ಟೂ ವರ್ಷಗಳ ಹಸಿವನ್ನು ಆ ಮುದುಕನ ಕೈಗೆ ದಾಟಿಸಿ ಬಂದಿದ್ದೆ. ಕತ್ತಿಯಿಂದ ಬಿಡಿಸಿ ಹಸಿವಿಗೆ ಒಪ್ಪಿಸಿದ್ದೆ. ಐದನೆಯ ಅತಿಚಾರವಾದ ಅನ್ನಪಾನನಿರೋಧವನ್ನು ದಯೆಯ ಹೆಸರಿನಲ್ಲಿಯೇ ಮಾಡಬಹುದೆಂದು ಅಂದು ತಿಳಿಯಿತು.

ಪೂಜೆಯ ತಟ್ಟೆಯಲ್ಲಿ

ಆ ಗಂಡುಕರು ಸಂತೆಗೆ ಬಂದದ್ದಾದರೂ ಏಕೆ? ಹಬ್ಬದ ಪಾಯಸಕ್ಕೂ ಪೇಡೆಗೂ ಅಭಿಷೇಕಕ್ಕೂ ಹಾಲು ಬೇಕು. ಹಸು ಕರು ಹಾಕದೆ ಹಾಲು ಕೊಡದು. ಹುಟ್ಟುವ ಕರುಗಳಲ್ಲಿ ಅರ್ಧದಷ್ಟು ಗಂಡು. ನೇಗಿಲಿನ ಕಾಲದಲ್ಲಿ ಅವಕ್ಕೆ ಕೆಲಸವಿತ್ತು, ಆದ್ದರಿಂದ ಮೇವೂ ಇತ್ತು. ಟ್ರ್ಯಾಕ್ಟರ್ ಬಂದ ಮೇಲೆ ಅವು ಬೇಡವಾದವು. ಕರ್ನಾಟಕದಲ್ಲಿ 2020ರ ಕಾನೂನು ಗೋವಂಶದ ವಧೆಯನ್ನು ನಿಷೇಧಿಸಿದೆ. ಆದರೆ ವಧೆಯನ್ನು ನಿಷೇಧಿಸಿದ ಕಾನೂನು ಮೇವನ್ನು ಕೊಡಲಾರದು. ಹೀಗೆ ನಾವು ಸಂತೆಯಲ್ಲಿ ಬಿಡಿಸುವ ಕರು ನಮ್ಮ ಹಾಲಿನ ಲೋಟದ ಇನ್ನೊಂದು ತುದಿ. ಹಾಲನ್ನು ಬಿಟ್ಟ ಜೈನರು ಇಂದು ಕೆಲವರಿದ್ದಾರೆ. ಬಿಡಲಾಗದವರು ಕರುವಿನ ಋಣವನ್ನಾದರೂ ಒಪ್ಪಿಕೊಳ್ಳಬೇಕು. ಸಾವಿರ ಬಿಂದಿಗೆಯ ಅಭಿಷೇಕಕ್ಕಿಂತ ಒಂದೇ ಬಿಂದಿಗೆಯನ್ನು ಭಕ್ತಿಯಿಂದ ಎರೆದು, ಉಳಿದ ಹಣವನ್ನು ಮೇವಿಗೆ ಇಡುವುದು ಜಿನನಿಗೆ ಕಡಿಮೆಯಾದ ಪೂಜೆಯಲ್ಲ.

ರೇಷ್ಮೆಯ ಮಡಿಯೂ ಹೀಗೆಯೇ. ಒಂದು ಕಿಲೋ ಕಚ್ಚಾ ರೇಷ್ಮೆಗೆ ಆರೇಳು ಕಿಲೋ ಗೂಡು ಬೇಕು. ಒಂದು ಗೂಡಿನ ತೂಕ ಎರಡು ಗ್ರಾಮಿನ ಆಸುಪಾಸು. ಎಂದರೆ ಮೂರು ಸಾವಿರಕ್ಕೂ ಮೇಲ್ಪಟ್ಟ ಜೀವಿಗಳು ಗೂಡಿನೊಳಗೆ ಬೆಂದಮೇಲೆ ಆ ನೂಲು ಸಿಗುತ್ತದೆ. ಅದನ್ನು ಉಟ್ಟು ಅಹಿಂಸಾಮೂರ್ತಿಯ ಮುಂದೆ ನಿಲ್ಲುವಾಗ ಹತ್ತಿಯ ಬಿಳಿ ಪಂಚೆಯೇ ಹೆಚ್ಚು ಮಡಿಯೆಂದು ತೋರುವುದಿಲ್ಲವೆ?

ನೆರೆಯವರ ಅಂಗಳ, ನಮ್ಮ ಅಂಗಳ

ಪರ್ವದಿನಗಳಲ್ಲಿ ಕಸಾಯಿಖಾನೆಗಳನ್ನು ಮುಚ್ಚಿಸಬೇಕೆಂಬ ಬೇಡಿಕೆ ನಮ್ಮದು. ಅಹಮದಾಬಾದಿನಲ್ಲಿ ಪರ್ಯೂಷಣದ ಒಂಬತ್ತು ದಿನ ಮುಚ್ಚುವ ನಿರ್ಣಯವನ್ನು 2008ರಲ್ಲಿ ಸರ್ವೋಚ್ಚ ನ್ಯಾಯಾಲಯ ಎತ್ತಿಹಿಡಿದದ್ದನ್ನು ನಾವು ಸಂತೋಷದಿಂದ ನೆನೆಯುತ್ತೇವೆ. ಆದರೆ ನೆರೆಯವರು ಒಂಬತ್ತು ದಿನ ತಮ್ಮ ದುಡಿಮೆಯನ್ನು ನಿಲ್ಲಿಸಿ ನಮ್ಮ ಭಾವನೆಯನ್ನು ಗೌರವಿಸುವಾಗ, ನಮ್ಮ ಉತ್ಸವದ ಆನೆ, ನಮ್ಮ ಬೀದಿಯ ಪಟಾಕಿ, ನಮ್ಮ ಗೋಶಾಲೆಯ ಬರಿದಾದ ಗೋದಲಿ ಹಾಗೆಯೇ ಇದ್ದರೆ ಆ ಬೇಡಿಕೆಗೆ ತೂಕ ಎಲ್ಲಿಂದ ಬಂದೀತು? ಮತ್ತೊಬ್ಬರ ಹಬ್ಬವನ್ನು ತಿದ್ದುವ ಅಧಿಕಾರ ತನ್ನ ಹಬ್ಬವನ್ನು ತಿದ್ದಿಕೊಂಡವನಿಗೂ ಕಷ್ಟದಿಂದಲೇ ಬರುತ್ತದೆ. ಮಾರಿದತ್ತ ರಾಜನ ಜಾತ್ರೆಯಲ್ಲಿ ಬಲಿಯನ್ನು ನಿಲ್ಲಿಸಿದವರು ಬೈಗುಳದಿಂದ ನಿಲ್ಲಿಸಲಿಲ್ಲ. ಅಭಯರುಚಿ ಅಭಯಮತಿಯರು ತಾವು ಹಿಂದೆ ಮಾಡಿದ ತಪ್ಪಿನ ಕಥೆಯನ್ನೇ ಹೇಳಿದರು. ಅದನ್ನು ಕೇಳಿಯೇ ಅರಸನ ಮನಸ್ಸು ಕರಗಿತು.

ಬಸದಿಗಳ ಆಡಳಿತದವರಲ್ಲಿ ಬಿನ್ನಹ

ಈ ಹಿನ್ನೆಲೆಯಲ್ಲಿ ನಮ್ಮ ಬಸದಿಗಳ ಧರ್ಮದರ್ಶಿಗಳೂ ಸಮಿತಿಗಳೂ ಈ ವರ್ಷದ ಹಬ್ಬಕ್ಕೆ ಮೊದಲು ಒಂದು ಸಂಜೆ ಕುಳಿತು ಐದು ಪ್ರಶ್ನೆಗಳನ್ನು ಕೇಳಿಕೊಳ್ಳಲಿ. ನಮ್ಮ ಉತ್ಸವದಲ್ಲಿ ಯಾವ ಜೀವಿಯನ್ನು ಕಟ್ಟುತ್ತೇವೆ? ಯಾವುದಕ್ಕೆ ಹೊಡೆಯುತ್ತೇವೆ? ಯಾವುದರ ಅಂಗಕ್ಕೆ ನೋವಾಗುತ್ತದೆ? ಯಾವುದರ ಮೇಲೆ ಭಾರ ಹೇರುತ್ತೇವೆ? ಯಾವುದು ನಮ್ಮಿಂದ ಹಸಿದಿದೆ? ಉತ್ತರ ಬಂದಲ್ಲಿಂದ ಕೆಲಸ ಪ್ರಾರಂಭವಾಗಲಿ.

ಜೀವಂತ ಆನೆ, ಕುದುರೆಗಳಿಲ್ಲದ ಮೆರವಣಿಗೆಯನ್ನು ನಿರ್ಣಯಿಸುವುದಕ್ಕೆ ಹಣವೇನೂ ಬೇಡ. ನಿರ್ವಾಣದ ದಿನ ಬಸದಿಯ ಬೀದಿಯಲ್ಲಿ ಪಟಾಕಿ ಸುಡದಂತೆ ಮಕ್ಕಳಿಂದಲೇ ಸಂಕಲ್ಪ ಮಾಡಿಸಬಹುದು. ಮಕ್ಕಳು ಕೊಟ್ಟ ಮಾತನ್ನು ದೊಡ್ಡವರಿಗಿಂತ ಚೆನ್ನಾಗಿ ಉಳಿಸಿಕೊಳ್ಳುತ್ತಾರೆ. ಹಕ್ಕಿಗಳನ್ನು ಕೊಂಡು ಬಿಡುವ ಬದಲು ಬಸದಿಯ ಅಂಗಳದಲ್ಲಿ ಮಣ್ಣಿನ ಬಟ್ಟಲಲ್ಲಿ ನೀರಿಡಬಹುದು. ಗಾಯಗೊಂಡ ಹಕ್ಕಿಯನ್ನು ಪಶುವೈದ್ಯರಲ್ಲಿಗೆ ಒಯ್ಯಲು ನಾಲ್ವರು ಯುವಕರ ಹೆಸರನ್ನು ಫಲಕದಲ್ಲಿ ಬರೆಯಬಹುದು. ದನವನ್ನು ಬಿಡಿಸುವವರು ಅದರ ಆಯುಷ್ಯಕ್ಕೆ ಸಲ್ಲುವ ಮೇವಿನ ನಿಧಿಯನ್ನೂ ಕೂಡಿಸಿಯೇ ಬಿಡಿಸಲಿ. ಹತ್ತನ್ನು ಬಿಡಿಸಿ ಹಸಿವಿನಿಂದ ಕೆಡವುವುದಕ್ಕಿಂತ ಒಂದನ್ನು ಬಿಡಿಸಿ ಕೊನೆಯವರೆಗೆ ಸಾಕುವುದು ಲೇಸು. ದಾನಿಗಳ ಹೆಸರಿನ ಫಲಕದ ಪಕ್ಕದಲ್ಲಿ ಗೋಶಾಲೆಯ ಮೇವಿನ ಲೆಕ್ಕವನ್ನೂ ತೂಗುಹಾಕಲಿ. ಆ ವರ್ಷದಿಂದ ಇಂದಿನವರೆಗೂ ನಮ್ಮ ಮನೆಯಿಂದ ದೀಪಾವಳಿಯಂದು ದನ ಹೋಗಿಲ್ಲ. ಚೈತ್ರದಲ್ಲಿ ಒಂದು ಗಾಡಿ ಹುಲ್ಲು ಹೋಗುತ್ತದೆ. ಹಾರವಿಲ್ಲ, ಛಾಯಾಚಿತ್ರವಿಲ್ಲ. ಆ ಬಿಳಿ ಚುಕ್ಕೆಯ ಕರು ಈಗ ಎತ್ತಾಗಿದೆ.

ಕ್ಷಮಾವಣಿಯ ದಿನ ನಾವು ಲೋಕದ ಸಕಲ ಜೀವಿಗಳಲ್ಲಿಯೂ ಕ್ಷಮೆ ಬೇಡುತ್ತೇವೆ. ಬಂಧುಗಳು ನಮ್ಮ ಮಾತಿಗೆ ಮಾತಿನಿಂದ ಉತ್ತರ ಕೊಡುತ್ತಾರೆ. ಆನೆಯೂ ಕರುವೂ ಹಕ್ಕಿಯೂ ಮಾತಾಡಲಾರವು. ಅವುಗಳಲ್ಲಿ ಕ್ಷಮೆ ಬೇಡುವುದಕ್ಕೆ ನಮಗಿರುವ ಭಾಷೆ ನಡತೆಯೊಂದೇ.

ನೇಮಿನಾಥಸ್ವಾಮಿ ಬೇಲಿಯನ್ನು ತೆರೆಸಿ, ಪ್ರಾಣಿಗಳನ್ನು ಬಿಡಿಸಿ, ಮತ್ತೆ ಮಂಟಪಕ್ಕೆ ಹೋಗಬಹುದಾಗಿತ್ತು. ಜನರೆಲ್ಲ ಅವನ ದಯೆಯನ್ನು ಹೊಗಳುತ್ತಿದ್ದರು, ಮದುವೆಯೂ ನಡೆಯುತ್ತಿತ್ತು. ಅವನು ಹಾಗೆ ಮಾಡಲಿಲ್ಲ. ಬೇಲಿಯ ಬಾಗಿಲನ್ನು ತೆರೆದದ್ದು ಪ್ರಾಣಿಗಳಿಗಾಗಿ. ರಥವನ್ನು ತಿರುಗಿಸಿದ್ದು ತನಗಾಗಿ. ನಾವು ಅವನಂತೆ ಎಲ್ಲವನ್ನೂ ಬಿಟ್ಟು ಗಿರಿನಾರಕ್ಕೆ ಹೋಗಲಾರೆವು, ನಾವು ಗೃಹಸ್ಥರು. ಆದರೆ ಹಬ್ಬದ ರಥವನ್ನು ಒಂದು ಕ್ಷಣ ನಿಲ್ಲಿಸಿ, ದಾರಿಯ ಪಕ್ಕದ ಕೂಗನ್ನು ಕೇಳಿಸಿಕೊಳ್ಳುವುದು ನಮ್ಮಿಂದಲೂ ಸಾಧ್ಯ. ಬರುವ ನಿರ್ವಾಣದ ಬೆಳಗು ನಮ್ಮ ಮನೆಯ ಜನರಿಗೆ ಮಾತ್ರವಲ್ಲದೆ ನಮ್ಮ ಅಂಗಳದ ಸಕಲ ಜೀವಿಗಳಿಗೂ ಅಭಯದ ಬೆಳಗಾಗಲಿ.